ಮುಖ ನೋಡಿ ತೀರ್ಮಾನ ಮಾಡಬೇಡಿ, ಕೇಳಿ

ಸಂಪಾದಕರೇ,

ನಮ್ಮ ತಂಡದಲ್ಲಿ ಒಬ್ಬರಿದ್ದಾರೆ. ಮಾತಾಡುವಾಗ ಎದುರಿನವರ ಮುಖ ನೋಡುವುದಿಲ್ಲ, ಟೇಬಲ್ ನೋಡುತ್ತಾರೆ. ಯಾರಾದರೂ ತಮಾಷೆ ಮಾಡಿದರೆ ಎಲ್ಲರೂ ನಕ್ಕು ಮುಗಿದ ಮೇಲೆ ನಗುತ್ತಾರೆ, ಇಲ್ಲವೇ ನಗುವುದೇ ಇಲ್ಲ. ಕಳೆದ ವರ್ಷ ಅವರ ಅಪ್ರೈಸಲ್‌ನಲ್ಲಿ (ವರ್ಷದ ಕೆಲಸದ ಮೌಲ್ಯಮಾಪನದಲ್ಲಿ) 'ಬೇರೆಯವರ ಭಾವನೆ ಅರ್ಥವಾಗುವುದಿಲ್ಲ' ಎಂದು ಬರೆದಿದ್ದರು. ಆ ಸಾಲನ್ನು ಈ ಸಹೋದ್ಯೋಗಿಯೇ ನನಗೆ ತೋರಿಸಿದರು.

ಅದೇ ತಿಂಗಳು ನನ್ನ ಅಮ್ಮ ಐಸಿಯುನಲ್ಲಿದ್ದರು. ನಾನು ಯಾರಿಗೂ ಹೇಳಿರಲಿಲ್ಲ. ಮೀಟಿಂಗ್‌ನಲ್ಲಿ ಎಲ್ಲರ ಜೊತೆ ನಗುತ್ತಲೇ ಇದ್ದೆ. ಸಂಜೆ ಇವರು ಬಂದು ನನ್ನ ಪಕ್ಕ ನಿಂತು, ಕೀಬೋರ್ಡ್ ನೋಡುತ್ತಲೇ ಹೇಳಿದರು: "ನಿನ್ನೆ ಕಳಿಸಿದ ಶೀಟ್‌ನಲ್ಲಿ ಮೂರು ಕಡೆ ತಪ್ಪಿದೆ. ನೀವು ಹಾಗೆ ತಪ್ಪು ಮಾಡೋರಲ್ಲ. ಏನಾದ್ರೂ ಆಗಿದೆಯಾ?" ನನಗೆ ಗಂಟಲು ಕಟ್ಟಿತು. ಅವರು ಸಮಾಧಾನದ ಮಾತು ಒಂದೂ ಆಡಲಿಲ್ಲ, ಕುರ್ಚಿ ಎಳೆದುಕೊಂಡು ಕೂತು, ಆ ಮೂರೂ ತಪ್ಪು ತಿದ್ದಿ, "ನೀವು ಹೊರಡಿ, ಉಳಿದದ್ದು ನಾನು ನೋಡ್ಕೋತೀನಿ" ಅಂದರು.

ಆ ಅಪ್ರೈಸಲ್ ಬರೆದವರು ಮೀಟಿಂಗ್‌ನಲ್ಲಿ ನನ್ನ ಎದುರೇ ಕೂತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ನಗುತ್ತಿದ್ದೆ, ಅವರು ಅದನ್ನೇ ನಂಬಿದರು.

ಮುಖ ನೋಡಿದರೆ ಮನಸ್ಸು ಗೊತ್ತಾಗುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಮನಶ್ಶಾಸ್ತ್ರಜ್ಞೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಜೊತೆಗಾರರು ಈ ವಿಷಯದ ಹಳೆಯ ಅಧ್ಯಯನಗಳನ್ನು ಜಾಲಾಡಿ 2019ರಲ್ಲಿ ಹೇಳಿದ್ದು ಬೇರೆಯೇ: ಸಿಟ್ಟು ಬಂದವರೆಲ್ಲ ಹುಬ್ಬು ಗಂಟಿಕ್ಕುವುದಿಲ್ಲ, ಗಂಟಿಕ್ಕಿದವರಿಗೆಲ್ಲ ಸಿಟ್ಟು ಬಂದಿರುವುದೂ ಇಲ್ಲ. ಯುರೋಪಿಯನ್ ಒಕ್ಕೂಟವಂತೂ ಕೆಲಸದ ಜಾಗದಲ್ಲಿ ಎಐ ಬಳಸಿ ನೌಕರರ ಮುಖ, ದನಿಯಿಂದ ಭಾವನೆ ಅಳೆಯುವುದನ್ನು 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಕ್ಕೆ ಮಾತ್ರ ವಿನಾಯಿತಿ. ಯಂತ್ರಕ್ಕೆ ಬೇಡ ಅಂದದ್ದನ್ನು ನಾವು ದಿನಾ ಬರಿಗಣ್ಣಲ್ಲಿ ಮಾಡಿ, ಅಂಕ ಬೇರೆ ಹಾಕುತ್ತೇವಲ್ಲ!

ಆಟಿಸಂ ಅಂದರೆ ಬೇರೆಯವರೊಡನೆ ಬೆರೆಯುವ, ಮಾತಾಡುವ ರೀತಿ ಹುಟ್ಟಿನಿಂದಲೇ ಭಿನ್ನವಾಗಿರುವುದು. ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ವಿಚಾರ ಮುಂದಿಟ್ಟರು. ಆಟಿಸಂ ಇರುವವರಿಗೆ ಬೇರೆಯವರು ಅರ್ಥವಾಗುವುದಿಲ್ಲ ಅನ್ನುವುದು ಅರ್ಧ ಮಾತು, ಬೇರೆಯವರಿಗೂ ಅವರು ಅಷ್ಟೇ ಅರ್ಥವಾಗುವುದಿಲ್ಲ. ನಮ್ಮ ಸಹೋದ್ಯೋಗಿಗೆ ಆಟಿಸಂ ಇದೆಯೋ ಇಲ್ಲವೋ, ಅದು ನನಗೆ ಬೇಕಿಲ್ಲ. ಆದರೆ ಕಲಿಯುವ ಹೊಣೆ ಪೂರ್ತಿ ಅವರೊಬ್ಬರ ಮೇಲೇ ಯಾಕೆ? ಮಾತು ಕಮ್ಮಿ ಇರುವವರನ್ನೇ ಟ್ರೈನಿಂಗ್‌ಗೆ ಕಳಿಸುತ್ತಾರೆ. ಮೀಟಿಂಗ್‌ನಲ್ಲಿ ಇನ್ನೊಬ್ಬರ ಮಾತು ಅರ್ಧಕ್ಕೇ ಕತ್ತರಿಸುವವರನ್ನು ಕಳಿಸಿದ್ದು ನಾನಂತೂ ಕಂಡಿಲ್ಲ.

ಮ್ಯಾನೇಜರ್‌ಗಳೇ, "ಯಾಕೆ ಮೂಡ್ ಸರಿಯಿಲ್ವಾ?" ಅಂತ ಎಲ್ಲರ ಮುಂದೆ ಕೇಳಬೇಡಿ. ಕಂಡದ್ದನ್ನಷ್ಟೇ ಹೇಳಿ, ಆಮೇಲೆ ಕೇಳಿ: "ಎರಡು ದಿನದಿಂದ ನೀವು ಏನೂ ಮಾತಾಡಿಲ್ಲ, ಕೆಲಸ ಜಾಸ್ತಿ ಆಯ್ತಾ?" ಒಬ್ಬರೇ ಇದ್ದಾಗ ಕೇಳಿ. ಹೇಳಲು ಇಷ್ಟವಿಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡಿ, ಕೆದಕಬೇಡಿ.

ಮುಂದಿನ ತಿಂಗಳು ಮತ್ತೆ ಅಪ್ರೈಸಲ್ ಇದೆ. ಆ ಸಂಜೆ ನಡೆದದ್ದನ್ನು, ಅವರ ಒಪ್ಪಿಗೆ ಪಡೆದು, ಈ ಸಲ ನಮ್ಮ ಮ್ಯಾನೇಜರ್‌ಗೆ ಬರೆದು ಕೊಟ್ಟಿದ್ದೇನೆ.

ಇತಿ,
ನಿಮ್ಮ ಓದುಗ