ಮಕ್ಕಳ ಅಳತೆಯ ಲೈಫ್ ಜಾಕೆಟ್ ಎಲ್ಲಿ?

ಮಾನ್ಯ ಸಂಪಾದಕರೇ,

ದೀಪಾವಳಿ ರಜೆಗೆ ಧಾರವಾಡದಿಂದ ತಂಗಿಯ ಸಂಸಾರ ವಾಸ್ಕೊದ ನಮ್ಮ ಮನೆಗೆ ಬಂದಿತ್ತು. ‘ಬೀಚ್ ಸಾಕು ಮಾಮಾ, ಮೀನು ಹಿಡಿಯೋಣ’ ಅಂದವು ಮಕ್ಕಳು. ಜುವಾರಿ ನದಿಯಲ್ಲಿ ಗಾಳ ಹಾಕಿಸುವ ದೋಣಿಯೊಂದನ್ನು ಗೊತ್ತು ಮಾಡಿದೆ. ತೆರೆದ ಕಡಲಿನಲ್ಲಿ ಅಲೆಗೆ ಹೊಟ್ಟೆ ತೊಳಸುತ್ತದೆ. ಅಳಿವೆಯ ಒಳಗೆ ನೀರು ಶಾಂತ, ದಡವೂ ಕಾಣುತ್ತಲೇ ಇರುತ್ತದೆ.

ದೋಣಿಯವರು ಒಳ್ಳೆಯವರೇ. ಗಾಳಕ್ಕೆ ಸಿಗಡಿ ಚುಚ್ಚಿ ಕೊಟ್ಟರು. ಉಬ್ಬರ ಇಳಿಯುವಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಿಂದ ಸಣ್ಣ ಮೀನು ಹೊರಬರುತ್ತವೆ, ಅವನ್ನು ತಿನ್ನಲು ದೊಡ್ಡವು ಕಾಯುತ್ತಿರುತ್ತವೆ ಎಂದು ತೋರಿಸಿದರು. ತಂಗಿಯ ಮಗಳಿಗೆ ಅಂಗೈ ಉದ್ದದ ಮೀನು ಸಿಕ್ಕಿತು. ಇನ್ನೂ ಮರಿ ಅಂತ ವಾಪಸ್ ಬಿಡಿಸಿದರು. ಅವಳು ಮನೆ ಮುಟ್ಟುವವರೆಗೂ ಅತ್ತಳು, ಅದು ಬೇರೆ ಮಾತು.

ಆದರೆ ಲೈಫ್ ಜಾಕೆಟ್‌ಗಳೆಲ್ಲ ದೊಡ್ಡವರ ಅಳತೆಯವು. ಆರು ವರ್ಷದ ಹುಡುಗನಿಗೆ ಹಾಕಿದರೆ ಕಿವಿವರೆಗೆ ಏರಿತು. ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ, ಅಲ್ವಾ? ನಾನು ದಾರಿಯುದ್ದಕ್ಕೂ ಅವನ ಸೊಂಟ ಹಿಡಿದೇ ಕೂತಿದ್ದೆ. ಗಾಳ ಮುಟ್ಟಲೇ ಇಲ್ಲ. ‘ಫ್ಯಾಮಿಲಿ ಟ್ರಿಪ್’ ಎಂದು ಬೋರ್ಡ್ ಹಾಕಿದ ಮೇಲೆ ಇಷ್ಟಾದರೂ ಬೇಡವೇ?

ಗೋವಾದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಮಳೆಗಾಲದ ಆ ಬಿಡುವಿನಲ್ಲೇ ಪ್ರವಾಸಿ ದೋಣಿಗಳನ್ನೂ ಸಂಬಂಧಪಟ್ಟವರು ಒಮ್ಮೆ ತಪಾಸಣೆ ಮಾಡಲಿ. ಚಿಕ್ಕ ಜಾಕೆಟ್ ಇಲ್ಲದ ದೋಣಿಗೆ ಮಕ್ಕಳನ್ನು ಹತ್ತಿಸಲು ಬಿಡಬಾರದು. ಸುರಕ್ಷತೆಯ ಸೂಚನೆ ಕನ್ನಡದಲ್ಲೂ ಇದ್ದರೆ ಊರಿಂದ ಬರುವ ನಮ್ಮ ಅಜ್ಜಿಯರಿಗೂ ಅನುಕೂಲ.

– ಓದುಗ, ವಾಸ್ಕೊ, ಗೋವಾ