ಶ್ಟಾನ್ಯೆಲ್: ನೀರು ನಿಲ್ಲದ ನೆಲದ ಊರು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಸ್ಲೊವೇನಿಯಾ ಪ್ರವಾಸದ ಲೇಖನವನ್ನು ಆಸಕ್ತಿಯಿಂದ ಓದಿದೆ. ಬ್ಲೆಡ್ ಸರೋವರಕ್ಕೂ ಪೋಸ್ಟೊಯ್ನಾ ಗುಹೆಗೂ ಅದರಲ್ಲಿ ಧಾರಾಳವಾಗಿ ಜಾಗ ದೊರೆತಿದೆ. ಶ್ಟಾನ್ಯೆಲ್ ಎಂಬ ಗುಡ್ಡದ ಹಳ್ಳಿಯ ಬಗ್ಗೆ ಇರುವುದು ‘ಕಲ್ಲಿನ ಮನೆಗಳ ಸುಂದರವಾದ ಹಳೆಯ ಊರು’ ಎಂಬ ಒಂದು ಸಾಲು, ಜೊತೆಗೊಂದು ಚಿತ್ರ. ಬಹುಕಾಲ ಭೂಗೋಳದ ಪಾಠ ಹೇಳಿದ ನನಗೆ, ಆ ಊರು ಏಕೆ ಹಾಗಿದೆ ಎಂಬುದನ್ನು ಬಿಟ್ಟರೆ ಅದರ ಪರಂಪರೆಯನ್ನೇ ಬಿಟ್ಟಂತೆ ಎನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಶ್ಟಾನ್ಯೆಲ್ ಇರುವುದು ದೇಶದ ಪಶ್ಚಿಮ ಭಾಗದಲ್ಲಿ, ಟ್ರಿಯೆಸ್ಟ್ ಕೊಲ್ಲಿಯ ಒಳನಾಡಿನ ಕ್ರಾಸ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 360 ಮೀಟರ್ ಎತ್ತರದಲ್ಲಿ. ನಮ್ಮ ಪಠ್ಯಪುಸ್ತಕಗಳಲ್ಲಿ ‘ಕಾರ್ಸ್ಟ್ ಭೂಸ್ವರೂಪ’ ಎಂದು ಓದುವ ಹೆಸರು ಹುಟ್ಟಿದ್ದು ಈ ಕ್ರಾಸ್‌ನಿಂದಲೇ. ಜಗತ್ತಿನ ಎಲ್ಲ ಕಡೆಯ ಭೂವಿಜ್ಞಾನಿಗಳು ಬಳಸುವ ‘ಡೋಲಿನ್’ (ಬಟ್ಟಲಿನಂತೆ ಕುಸಿದ ತಗ್ಗು), ‘ಪೋಲ್ಯೆ’ (ಗುಡ್ಡಗಳ ನಡುವಿನ ಅಗಲವಾದ ಸಮತಟ್ಟು ತಗ್ಗು) ಎಂಬ ಪದಗಳೂ ಸ್ಲಾವ್ ಜನರ ದಿನಬಳಕೆಯ ಮಾತುಗಳು. ಸುಣ್ಣಕಲ್ಲು ಮಳೆನೀರಿನಲ್ಲಿ ನಿಧಾನವಾಗಿ ಕರಗಿ ಬಿರುಕು ಬಿಡುವುದರಿಂದ, ಬಿದ್ದ ನೀರು ಹೊಳೆಯಾಗಿ ಹರಿಯದೆ ನೇರವಾಗಿ ನೆಲದೊಳಗೆ ಇಳಿದುಹೋಗುತ್ತದೆ. ರೇಕಾ ಎಂಬ ನದಿಯೇ ಶ್ಕೊತ್ಸ್ಯಾನ್ ಗುಹೆಗಳಲ್ಲಿ ಕಣ್ಮರೆಯಾಗಿ, ಹತ್ತಾರು ಕಿಲೋಮೀಟರ್ ನೆಲದಡಿಯಲ್ಲಿ ಸಾಗಿ, ಇಟಲಿಯ ಕಡಲತೀರದ ಹತ್ತಿರ ತಿಮಾವೊ ಎಂಬ ಹೆಸರಿನಲ್ಲಿ ಮತ್ತೆ ಮೇಲೇಳುತ್ತದೆ. ಈ ಗುಹೆಗಳು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ನದಿಯೇ ನಿಲ್ಲದ ಇಂಥ ನೆಲದಲ್ಲಿ, ಅದೂ ಗುಡ್ಡದ ಮೇಲೆ, ಜನ ಶತಮಾನಗಳ ಕಾಲ ಬಾಳಿದ್ದು ಹೇಗೆ ಎಂಬ ಪ್ರಶ್ನೆಗೆ ಶ್ಟಾನ್ಯೆಲ್‌ನ ಒಂದೊಂದು ಮನೆಯೂ ಉತ್ತರವಾಗಿದೆ.

ಊರಿನ ನಡುವೆ ‘ಕ್ರಾಸ್ ಮನೆ’ ಎಂದು ಕರೆಯುವ ಒಂದು ಹಳೆಯ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದಾರೆ. ಅದರ ಗೋಡೆ ಕಲ್ಲು, ಮಾಡಿಗೆ ಹೊದಿಸಿದ್ದೂ ತೆಳುವಾದ ಕಲ್ಲುಚಪ್ಪಡಿ. ಸೂರಿನ ಕೆಳಗೆ ಕಲ್ಲಿನಲ್ಲಿಯೇ ಕಡೆದ ದೋಣಿಗಳಿದ್ದು, ಮಾಡಿನ ಮೇಲೆ ಬಿದ್ದ ಮಳೆನೀರು ಅವುಗಳ ಮೂಲಕ ಇಳಿದು ನೆಲದಡಿಯ ತೊಟ್ಟಿಯನ್ನು ಸೇರುತ್ತದೆ. ಆ ತೊಟ್ಟಿಗೆ ಅಲ್ಲಿಯವರು ‘ಶ್ಟಿರ್ನಾ’ ಎನ್ನುತ್ತಾರೆ; ಅದರ ಬಾಯಿಗೆ ಬಾವಿಕಟ್ಟೆಯಂತೆ ಕೂರಿಸಿದ ಕೆತ್ತನೆಯ ಕಲ್ಲು ಕ್ರಾಸ್ ಪ್ರದೇಶದ ಅಂಗಳಗಳಲ್ಲೆಲ್ಲ ಕಾಣಸಿಗುತ್ತದೆ. ಪ್ರವಾಸಿಗರು ಅದನ್ನು ಬಾವಿಯೆಂದು ತಿಳಿದು ಫೋಟೊ ತೆಗೆಯುತ್ತಾರೆ. ಆದರೆ ಅದರಲ್ಲಿ ಒರತೆಯಿಲ್ಲ, ಇರುವುದೆಲ್ಲ ಮಾಡಿನಿಂದ ಇಳಿದ ನೀರು. ಬೆರಳ ಗಾತ್ರದ ಸಂದೂ ಉಳಿಯದಂತೆ ಚಪ್ಪಡಿ ಹೊದಿಸಿದ, ನೀರು ಚೆಲ್ಲದಂತೆ ದೋಣಿಗೆ ಓಟ ಕೊಟ್ಟ ಆ ಕಲ್ಲುಕುಟಿಗರ ಕೈಚಳಕವನ್ನು ನೆನೆದಾಗ ನನಗೆ ನಿಜಕ್ಕೂ ಗೌರವ ಮೂಡುತ್ತದೆ.

ನೀರಿನ ಜೊತೆಗೆ ಗಾಳಿಯೂ ಈ ಊರಿನ ಆಕಾರವನ್ನು ತೀರ್ಮಾನಿಸಿದೆ. ಚಳಿಗಾಲದಲ್ಲಿ ಈಶಾನ್ಯದಿಂದ ‘ಬೂರ್ಯಾ’ ಎಂಬ ಒಣ ಶೀತಮಾರುತ ಬೀಸುತ್ತದೆ. ಅದರ ಹೊಡೆತ ಗಂಟೆಗೆ 100 ಕಿಲೋಮೀಟರ್ ಮೀರುವುದು ಅಪರೂಪವೇನಲ್ಲ. ಆದ್ದರಿಂದ ಮನೆಗಳು ಬಿಸಿಲಿನ ಇಳಿಜಾರಿಗೆ ಮುಖಮಾಡಿ ಒತ್ತೊತ್ತಾಗಿ ನಿಂತಿವೆ, ಗಾಳಿಯ ಕಡೆಯ ಗೋಡೆಗಳಲ್ಲಿ ಕಿಟಕಿ ತೀರಾ ಕಡಿಮೆ. ಅದೇ ಗಾಳಿಗೆ ಹಂದಿಯ ತೊಡೆಮಾಂಸವನ್ನು ಒಣಗಿಸಿ ‘ಪ್ರಶುತ್’ ಮಾಡುವುದೂ, ಸುಣ್ಣಕಲ್ಲು ಕರಗಿ ಉಳಿದ ಕೆಂಪುಮಣ್ಣಿನಲ್ಲಿ ದ್ರಾಕ್ಷಿ ಬೆಳೆದು ‘ತೆರಾನ್’ ಎಂಬ ಗಾಢ ಕೆಂಪು ವೈನ್ ತಯಾರಿಸುವುದೂ ಈ ಸೀಮೆಯ ಹಳೆಯ ಬದುಕು. ಆ ಮಣ್ಣು ಸಿಗುವುದು ಡೋಲಿನ್‌ಗಳ ತಳದಲ್ಲಿ, ಅಲ್ಲಲ್ಲಿ ಅಂಗೈಯಗಲದ ತುಂಡುಗಳಲ್ಲಿ. ಹೊಲದಿಂದ ಆರಿಸಿ ತೆಗೆದ ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿ ಗೋಡೆ ಕಟ್ಟುವ ಕಲೆಯನ್ನು ಯುನೆಸ್ಕೊ 2018ರಲ್ಲಿ ಸ್ಲೊವೇನಿಯಾವೂ ಸೇರಿದಂತೆ ಎಂಟು ದೇಶಗಳ ಅಮೂರ್ತ ಪರಂಪರೆಯೆಂದು ಗುರುತಿಸಿತು.

ಪಕ್ಕದ ಕೊಬ್ದಿಲ್ ಹಳ್ಳಿಯಲ್ಲಿ 1865ರಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಮಾಕ್ಸ್ ಫಾಬಿಯಾನಿ ಅವರ ಹೆಸರಿಲ್ಲದೆ ಶ್ಟಾನ್ಯೆಲ್‌ನ ಮಾತು ಪೂರ್ತಿಯಾಗದು. 1895ರ ಭೂಕಂಪದ ನಂತರ ಲ್ಯುಬ್ಲ್ಯಾನಾ ನಗರಕ್ಕೆ ಯೋಜನೆ ರೂಪಿಸಿದವರು, ವಿಯೆನ್ನಾದಲ್ಲಿ ಉರಾನಿಯಾ ಕಟ್ಟಡ ನಿರ್ಮಿಸಿದವರು ಅವರು. ಮೊದಲ ಮಹಾಯುದ್ಧದಲ್ಲಿ ಹತ್ತಿರದ ಸೋಚಾ ನದಿಯ ರಣರಂಗದ ಹಿಂಬದಿಯಾಗಿ ಈ ಊರು ಗಾಯಾಳುಗಳ ಆಸ್ಪತ್ರೆಯನ್ನೂ ಸೈನಿಕರ ಸ್ಮಶಾನವನ್ನೂ ಕಂಡಿತು. ಯುದ್ಧ ಮುಗಿದ ಮೇಲೆ ಫಾಬಿಯಾನಿ ಈ ಸೀಮೆಯ ಹಾಳಾದ ಊರುಗಳನ್ನು ಮತ್ತೆ ಕಟ್ಟುವ ಕೆಲಸಕ್ಕೆ ನಿಂತರು. 1935ರಲ್ಲಿ ಶ್ಟಾನ್ಯೆಲ್‌ನ ಮೇಯರ್ ಕೂಡ ಆದರು. ಅವರು ದುರಸ್ತಿ ಮಾಡಿಸಿದ ಕೋಟೆಮನೆ ಎರಡನೆಯ ಮಹಾಯುದ್ಧದಲ್ಲಿ ಹಾಳಾಯಿತು. ನಂತರ ಜೀರ್ಣೋದ್ಧಾರಗೊಂಡ ಅದರ ಭಾಗದಲ್ಲಿ ಈಗ ಕ್ರಾಸ್‌ನ ಕಲಾವಿದ ಲೊಯ್ಜೆ ಸ್ಪಾತ್ಸಲ್ ಅವರ ಚಿತ್ರಶಾಲೆಯಿದೆ. ನಿಂಬೆಹಣ್ಣಿನಾಕಾರದ ಶಿಖರವಿರುವ ಸಂತ ದಾನಿಯೇಲರ ಚರ್ಚು ಹದಿನೈದನೆಯ ಶತಮಾನದ್ದು.

ಇದನ್ನೆಲ್ಲ ಈಗ ಹೇಳಲು ಇನ್ನೊಂದು ಕಾರಣವಿದೆ. 2022ರ ಜುಲೈನಲ್ಲಿ ಕ್ರಾಸ್ ಪ್ರದೇಶದಲ್ಲಿ ಎದ್ದ ಕಾಳ್ಗಿಚ್ಚು ಸ್ವತಂತ್ರ ಸ್ಲೊವೇನಿಯಾ ಕಂಡ ಅತಿ ದೊಡ್ಡ ಕಾಡಿನ ಬೆಂಕಿ. ಹಲವು ಹಳ್ಳಿಗಳ ಜನರನ್ನು ತೆರವುಗೊಳಿಸಬೇಕಾಯಿತು. ನೆಲದಲ್ಲಿ ಹೂತಿದ್ದ ಮೊದಲ ಮಹಾಯುದ್ಧದ ಸಿಡಿಗುಂಡುಗಳು ಬೆಂಕಿಯ ಕಾವಿಗೆ ಸಿಡಿಯುತ್ತಿದ್ದುದರಿಂದ ಅಗ್ನಿಶಾಮಕರ ಕೆಲಸ ಇನ್ನಷ್ಟು ಅಪಾಯಕಾರಿಯಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬೋಳಾಗಿದ್ದ ಈ ನೆಲಕ್ಕೆ ಹಸಿರು ತರಲೆಂದು ಕಪ್ಪು ಪೈನ್ ಮರಗಳನ್ನು ನೆಡಲಾಗಿತ್ತು, ಆ ಮರ ಬೇಗ ಹೊತ್ತಿಕೊಳ್ಳುತ್ತದೆ. ಮೇಲ್ಮೈಯಲ್ಲಿ ನೀರಿಲ್ಲದ ನೆಲದಲ್ಲಿ ಬೆಂಕಿ ಬಿದ್ದರೆ ಏನಾಗುತ್ತದೆ ಎಂಬುದು ಅಂದು ಕಂಡಿತು. ಹಳ್ಳಿಗಳಿಗೆ ಇಂದು ಕೊಳಾಯಿ ಬಂದಿದೆ ನಿಜ. ಆದರೂ ಹಳೆಯ ತೊಟ್ಟಿಗಳನ್ನೂ ದನಕರುಗಳಿಗಾಗಿ ಮಳೆನೀರು ಹಿಡಿಯುತ್ತಿದ್ದ ‘ಕಲ್’ ಎಂಬ ಕೆರೆಗುಂಡಿಗಳನ್ನೂ ಹೂಳೆತ್ತಿ ಬಳಕೆಯಲ್ಲಿ ಇಟ್ಟುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವುಗಳನ್ನು ಬರಿಯ ನೋಟದ ವಸ್ತುವಾಗಿ ಕಾಣುವುದು ನನಗೆ ಸರಿಯೆನಿಸುವುದಿಲ್ಲ.

ಕೊನೆಯದಾಗಿ ಒಂದು ತಿದ್ದುಪಡಿಯ ಕೋರಿಕೆ. ಲೇಖನದೊಂದಿಗೆ ಅಚ್ಚಾದ ಚಿತ್ರ ಫಾಬಿಯಾನಿ ಅವರು ಟ್ರಿಯೆಸ್ಟ್‌ನ ವೈದ್ಯರೊಬ್ಬರಿಗಾಗಿ ರೂಪಿಸಿದ ಫೆರ್ರಾರಿ ಉದ್ಯಾನದ್ದು; ಅದರ ಸೇತುವೆಯಿರುವ ಕೊಳವನ್ನು ಅಡಿಬರಹದಲ್ಲಿ ‘ಅಲಂಕಾರದ ಕೊಳ’ ಎಂದು ಕರೆಯಲಾಗಿದೆ. ಅದು ನೋಡಲು ಅಂದವಾಗಿರುವುದು ಹೌದು. ಆದರೆ ಮಳೆನೀರನ್ನು ಹಿಡಿದಿಡುವ ವ್ಯವಸ್ಥೆಯ ಭಾಗವಾಗಿಯೇ ಅವರು ಆ ಕೊಳವನ್ನು ಕಟ್ಟಿಸಿದ್ದು. ಮುಂದಿನ ಪುರವಣಿಯಲ್ಲಿ ಇಷ್ಟನ್ನು ತಿದ್ದಿ ಪ್ರಕಟಿಸಿದರೆ ಉಪಕಾರವಾಗುತ್ತದೆ.

ಇತಿ,
ನಿವೃತ್ತ ಭೂಗೋಳ ಶಿಕ್ಷಕ