ಚಾವಡಿಯ ಸಿಂಹಕ್ಕೆ ಬಾಲ ಕೊಟ್ಟವರಿಗೆ

ಉಡುಪಿ ಕಡೆಯ ಗುತ್ತಿನ ಮನೆಯೊಂದರ, ಅಂದರೆ ಹಳೆಯ ಜಮೀನ್ದಾರಿ ಮನೆತನದ ಮನೆಯ, ಚಾವಡಿಯಲ್ಲಿ, ಬಾಗಿಲಿನ ದಾರಂದದ ಮೇಲೆ, ಆ ಕುಟುಂಬದ ಲಾಂಛನ ಮೊನ್ನೆ ಕೂತಿತು. ಎದುರುಬದುರು ನಿಂತ ಎರಡು ಸಿಂಹ, ನಡುವೆ ಕಾಲುದೀಪ, ಸುತ್ತ ಬಳ್ಳಿ. ಬೈಕಂಪಾಡಿಯ ನಮ್ಮ ಸಣ್ಣ ಶೆಡ್ಡಿನ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದ ಹಾಗೆ ಮರ ಕೊರೆಯುವ ಮೆಷಿನ್) ಇಷ್ಟು ದಿನ ಕೊರೆದದ್ದು ಹೆಚ್ಚಾಗಿ ದೇವರಕೋಣೆ ಬಾಗಿಲಿನ ಜಾಲರಿ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯಲ್ಲಿ ಹೆಸರು, ಇಷ್ಟೇ. ಮಳೆಗಾಲದಲ್ಲಿ ಅದೂ ನಿಂತು, ಸಾಲದ ಕಂತು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಆಗ ನಂಬಿ ಕೆಲಸ ಕೊಟ್ಟ ಯಜಮಾನರಿಗೆ ಮೊದಲ ನಮಸ್ಕಾರ. ಅಡ್ವಾನ್ಸ್ ಕೈಗಿಟ್ಟು "ಗಡಿಬಿಡಿ ಬೇಡ, ಮನೆ ಒಕ್ಕಲಿಗೆ ಆದರೆ ಸಾಕು" ಅಂದರು. ನಮ್ಮ ಕಸುಬಿನಲ್ಲಿ ಇಂಥ ಮಾತು ಕೇಳಲು ಸಿಗುವುದೇ ಅಪರೂಪ ಮಾರಾಯ್ರೆ.

ಲಾಂಛನದ ಹಳೆಯ ಹಲಗೆಯನ್ನು ಗೆದ್ದಲು ತಿಂದಿತ್ತು. ಎಡಗಡೆಯ ಸಿಂಹಕ್ಕೆ ಸೊಂಟದಿಂದ ಹಿಂದೆ ಏನೂ ಉಳಿದಿರಲಿಲ್ಲ. ಬಲಗಡೆಯದನ್ನೇ ಕಂಪ್ಯೂಟರಿನಲ್ಲಿ ಮಗುಚಿ ಹಾಕುವುದೋ ಎಂದು ಡಿಸೈನ್ ಮಾಡುವ ಹುಡುಗ ಕೇಳುತ್ತಿದ್ದ. ಆ ಮನೆಯ ದೊಡ್ಡಮ್ಮ ಪರದೆ ನೋಡಿ ತಲೆ ಅಲ್ಲಾಡಿಸಿದರು. ಸಣ್ಣವರಿದ್ದಾಗ ಏಣಿ ಹತ್ತಿ ಅದಕ್ಕೆ ಎಣ್ಣೆ ಉಜ್ಜುವುದು ಅವರ ಪಾಲಿನ ಕೆಲಸವಂತೆ. "ಇದರ ಬಾಲ ಬೆನ್ನ ಮೇಲೆ. ಅದರದ್ದು ಕಾಲಿನ ಎಡೆಯಿಂದ ಮೇಲೆ ಬರುತ್ತದೆ, ಬಟ್ಟೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು" ಅಂದರು. ಆಮೇಲೆ ಹಳೇ ಮದುವೆ ಫೋಟೋ ಒಂದರಲ್ಲಿ, ಮದುಮಗನ ಪೇಟದ ಹಿಂದೆ, ಆ ಬಾಲದ ತುದಿ ಕಾಣಿಸಿತು. ದೊಡ್ಡಮ್ಮ, ಫೋಟೋ ಸಿಗದಿದ್ದರೂ ನಾನು ನಿಮ್ಮ ಮಾತಿನ ಹಾಗೆಯೇ ಕೊರೆಯುತ್ತಿದ್ದೆ.

ಉಬ್ಬು ಎಷ್ಟಿರಬೇಕೆಂದು ತಿಳಿಯಲು ಮೂಡುಬಿದಿರೆಯ ಚೌಟ ಅರಸರ ಅರಮನೆಗೆ ಹೋದೆವು. ಐವರು ಹೆಂಗಸರು ಸೇರಿ ಕುದುರೆಯಾದ ಪಂಚನಾರಿ ತುರಗ, ಒಂಬತ್ತು ಮಂದಿ ಸೇರಿ ಆನೆಯಾದ ನವನಾರಿ ಕುಂಜರ ಅಲ್ಲಿನ ಮರದ ಕೆತ್ತನೆಯಲ್ಲಿವೆ. ನೋಡಿ ಬಂದ ಮೇಲೆ ನಮ್ಮ ಫೈಲಿನ ಸಿಂಹ ಅಚ್ಚೊತ್ತಿದ ಬಿಸ್ಕತ್ತಿನ ಹಾಗೆ ಕಂಡಿತು. ಪುನಃ ಕೂತೆವು. ಅಲ್ಲಿ ಹೊತ್ತು ಹೋದರೂ ನಿಂತು ನೋಡಲು ಬಿಟ್ಟವರಿಗೆ ಉಪಕಾರ.

ಮರ ಆ ಮನೆಯದ್ದೇ, ಬಿಚ್ಚಿದ ಹಲಸಿನ ತೊಲೆ. ಚೆನ್ನಾಗಿ ಒಣಗಿದ್ದು, ಸೊಟ್ಟಗಾಗುವ ಹೆದರಿಕೆ ಕಡಿಮೆ. ಆದರೆ ಒಳಗೊಂದು ಮೊಳೆ ಇದ್ದರೆ ನಿಮಿಷಕ್ಕೆ 18,000 ಸುತ್ತು ತಿರುಗುವ ಬಿಟ್, ಅಂದರೆ ಮೆಷಿನಿನ ಕೊರೆಯುವ ಅಲಗು, ಹೋದ ಹಾಗೇ. ಮರದ ಮಿಲ್ಲಿನ ಅಣ್ಣ ಮೆಟಲ್ ಡಿಟೆಕ್ಟರ್ ಹಿಡಿದು ಇಂಚಿಂಚು ಹುಡುಕಿ, ತಲೆ ತುಂಡಾಗಿ ಒಳಗೇ ಉಳಿದಿದ್ದ ಮೊಳೆಗಳನ್ನೆಲ್ಲ ಕಿತ್ತು, ಕೂಲಿ ಮುಟ್ಟದೆ ಚಾ ಕುಡಿದು ಹೋದರು.

6 ಮಿ.ಮೀ. ಬಿಟ್ಟಿನಲ್ಲಿ ಒರಟು ಕೆಲಸ ಬೇಗ ಮುಗಿಯುತ್ತದೆ. ನುಣುಪು ಕೆಲಸಕ್ಕೆ 1 ಮಿ.ಮೀ. ತುದಿಯ ಬಿಟ್, ಗೆರೆಗೂ ಗೆರೆಗೂ 0.1 ಮಿ.ಮೀ. ಅಂತರ. 900 ಮಿ.ಮೀ. ಅಗಲದ ಹಲಗೆಗೆ ಒಂಬತ್ತು ಸಾವಿರ ಗೆರೆ! ರಾತ್ರಿಯಿಡೀ ಆ ಕರಕರ ಸಹಿಸಿದ, ಕರೆಂಟು ಹೋಗುವ ದಿನ ಜನರೇಟರ್ ಕೊಟ್ಟ ಪಕ್ಕದ ಶೆಡ್ಡಿನವರಿಗೆ ಏನು ಹೇಳಲಿ?

ಅಷ್ಟಾದರೂ ಬಿಟ್ಟಿನ ತುದಿ ದುಂಡಗೆ, ಹಾಗಾಗಿ ಹಲ್ಲಿನ ಸಂದು, ಕಣ್ಣಿನ ಮೂಲೆ ಚೂಪಾಗುವುದಿಲ್ಲ. ಅಲ್ಲಿಗೆ ಕಾರ್ಕಳ ಕಡೆಯ ಆಚಾರ್ರು ಉಳಿ ಹಿಡಿದು ಕೂತರು. ಮೆಷಿನಿಗೆ ಬೈಯುತ್ತಲೇ ಸಿಂಹದ ಕಣ್ಣು ತೆರೆದರು. ಅವರ ಕೈ ಬಿದ್ದ ಕಡೆ ಪಾಲಿಶ್ ಪೇಪರ್ ಹಾಕಲು ನಾನು ಯಾರನ್ನೂ ಬಿಡಲಿಲ್ಲ.

ಬಣ್ಣ ಹಳದಿಯಾಯಿತಲ್ಲ ಎಂದು ನೆಂಟರು ಕೆಲವರು ಕೇಳಿದ್ದಾರೆ. ಹಲಸು ಹಾಗೆಯೇ, ವರ್ಷ ಹೋದ ಹಾಗೆ ಕಂದು ತಿರುಗುತ್ತದೆ. ದಯವಿಟ್ಟು ಪೈಂಟ್ ಬಳಿಯಬೇಡಿ. ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಯಜಮಾನರಿಗೆ ಕೊಟ್ಟಿದ್ದೇನೆ. ಬಾಕಿ ಹಣ ಅವರು ಒಕ್ಕಲಿನ ದಿನವೇ ಎಣಿಸಿದರು, ತಪ್ಪಿದ್ದ ಕಂತು ಮರುದಿನವೇ ಕಟ್ಟಿ ಬಂದೆ.